ಹೊರೆ ಇದ್ದವರಿಗೆ ದಾರಿ

ಕಾಟಮ್ಮನಕೆರೆಯ ಏರಿ ಮೇಲೊಂದು ಮಣ್ಣು ದಾರಿ. ಒಂದು ಕಾರು ಹೋದರೆ ಪಕ್ಕದಲ್ಲಿ ನಾಯಿ ಕೂಡ ಉಸಿರು ಬಿಗಿಹಿಡಿದು ನಿಲ್ಲಬೇಕು, ಅಷ್ಟೇ ಅಗಲ. ಒಂದು ಕಡೆ ನೀರು, ಇನ್ನೊಂದು ಕಡೆ ಎರಡಾಳುದ್ದದ ಇಳಿಜಾರು. ಅಲ್ಲಿ ಬೋರ್ಡಿಲ್ಲ, ಪೊಲೀಸರಿಲ್ಲ. ಹಿಂದಿನಿಂದ ನಡೆದುಕೊಂಡು ಬಂದದ್ದು ಒಂದೇ ಕಟ್ಟಳೆ: ಎದುರುಬದುರಾದರೆ ಹೊರೆ ಇದ್ದವರಿಗೆ ದಾರಿ, ಬರಿಗೈಯವರು ಹಿಂದೆ ಸರಿಯಬೇಕು.

ಒಂದು ಶನಿವಾರ ಬೆಳಿಗ್ಗೆ ಕುಂಬಾರರ ಪುಟ್ಟಗಂಗಮ್ಮ ಸೈಕಲ್ ತಳ್ಳಿಕೊಂಡು ಸಂತೆಗೆ ಹೊರಟಳು. ಕ್ಯಾರಿಯರ್ ಮೇಲೂ ಅಕ್ಕಪಕ್ಕದಲ್ಲೂ ಹುಲ್ಲು ಮೆತ್ತಿ, ಹಗ್ಗ ಬಿಗಿದ ಇಪ್ಪತ್ತು ಮಡಕೆ. ಹೋದ ಸಲ ಈ ಕಥೆ ಹೇಳುವಾಗ ಮೂವತ್ತು ಅಂದಿದ್ದೆ. ಅದು ಊಟ ಆದ ಮೇಲೆ ಹೇಳಿದ್ದು, ಬಿಡಿ. ಒಂದು ತಿಂಗಳು ಮಣ್ಣು ತುಳಿದು, ತಟ್ಟಿ, ಸುಟ್ಟ ಮಡಕೆಗಳು. ಸೈಕಲ್ ಒಂದು ಸಲ ವಾಲಿದರೆ ಇಪ್ಪತ್ತೂ ಒಡೆದು ಬೋಕಿ.

ಅವಳ ಹಿಂದೆಯೇ ತಲೆ ಮೇಲೆ ಹುಲ್ಲುಹೊರೆ ಹೊತ್ತ ಮಲ್ಲಕ್ಕ. ಏರಿ ಮುಗಿಯಲು ಇನ್ನು ಐವತ್ತು ಮಾರು ಇತ್ತು. ಆಗ ಆ ತುದಿಯಿಂದ ಅದೇ ಊರಿನ ನಂಜರಾಜು ಹೊಸ ಕಾರು ನುಗ್ಗಿಸಿಕೊಂಡು ಬಂದ. ಬಂದವನೇ ಹಾರ್ನ್ ಒತ್ತಿದ. ಆ ಸದ್ದಿಗೆ ಕೆರೆಯಿಂದ ನಾಲ್ಕು ಮೀನು ಹಾರಿ ದಡಕ್ಕೆ ಬಿದ್ದವು. ನಂಬಲು ಕಷ್ಟವಾದರೆ ಎರಡು ಅಂತ ಇಟ್ಟುಕೊಳ್ಳಿ.

"ಏನಮ್ಮೋ, ಕಣ್ಣು ಕಾಣಲ್ವಾ? ಇಳಿಸು ಸೈಕಲ್ಲು ಕೆಳಕ್ಕೆ!"

ಪುಟ್ಟಗಂಗಮ್ಮ ನಡುದಾರಿಯಲ್ಲೇ ಸ್ಟ್ಯಾಂಡ್ ಹಾಕಿದಳು. "ಕಾಣ್ತದಪ್ಪ. ಈ ಇಳಿಜಾರಿಗೆ ಇಳಿಸಿದ್ರೆ ಮಡಕೆ ಉಳಿಯಲ್ಲ ಅಂತಾನೂ ಕಾಣ್ತದೆ. ನಾನು ಆಗಲೇ ಮುಕ್ಕಾಲು ದಾರಿ ಬಂದಿದ್ದೀನಿ. ಹೊರೆ ಇದ್ದೋರಿಗೆ ದಾರಿ. ನೀನೇ ಹಿಂದಕ್ಕೆ ಹೋಗು."

"ಹೊರೆ ಲೆಕ್ಕ ನನ್ನ ಹತ್ರ ತೆಗೀತೀಯಾ? ನನ್ನ ಕಾರೇ ಒಂದೂವರೆ ಟನ್ ಇದೆ!"

"ಅದನ್ನ ನೀನು ಹೊತ್ಕೊಂಡಿದ್ದೀಯೋ, ಅದು ನಿನ್ನನ್ನ ಹೊತ್ಕೊಂಡಿದೆಯೋ?"

ಮಲ್ಲಕ್ಕ ಕಿಸಕ್ಕನೆ ನಕ್ಕಳು. ತಲೆ ಮೇಲಿನ ಹುಲ್ಲೂ ಅಲ್ಲಾಡಿತು.

ನಂಜರಾಜುವಿಗೆ ಕಿವಿಯೆಲ್ಲ ಕೆಂಪಾಯಿತು. "ತಾಲ್ಲೂಕು ಆಫೀಸಲ್ಲಿ ನನಗೋಸ್ಕರ ಜನ ಕಾಯ್ತಿದ್ದಾರೆ!"

"ಕಾಯ್ಲಿ. ಸಂತೇಲಿ ನನಗೋಸ್ಕರ ಯಾರೂ ಕಾಯಲ್ಲ. ಹೊತ್ತಾದ್ರೆ ನೆರಳಿರೋ ಜಾಗ ಬೇರೆಯವರ ಪಾಲು."

ಅವನು ಕಾರನ್ನು ಇಂಚಿಂಚೇ ಮುಂದಕ್ಕೆ ಬಿಟ್ಟ. ಬಂಪರ್ ಬಂದು ಸೈಕಲ್ಲಿನ ಮುಂದಿನ ಚಕ್ರಕ್ಕೆ ತಾಗಿತು. ಮಡಕೆಗಳು ಒಂದಕ್ಕೊಂದು ತಾಕಿ ಟಣ್ ಎಂದವು. ಪುಟ್ಟಗಂಗಮ್ಮ ಹ್ಯಾಂಡಲ್ ಬಿಗಿಯಾಗಿ ಹಿಡಿದಳು. ಕಾಲು ಮಾತ್ರ ಕದಲಿಸಲಿಲ್ಲ.

"ರಸ್ತೆ ಏನು ನಿಮ್ಮಪ್ಪಂದಾ?" ಎಂದು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ.

"ಹೂಂ ಕಣಪ್ಪ, ನಮ್ಮಪ್ಪಂದೇ," ಅಂದಳು. "ಏರಿ ಒಡೆದ ವರ್ಷ ಮೂರು ತಿಂಗಳು ಮಂಕರಿಯಲ್ಲಿ ಮಣ್ಣು ಹೊತ್ತು ಹಾಕಿದ್ದು ಅವನೇ. ಈ ಮಲ್ಲಕ್ಕನ ಅಪ್ಪನೂ ಹೊತ್ತಿದ್ದ. ವಿಚಾರಿಸು, ನಿಮ್ಮಪ್ಪನೂ ಹೊತ್ತಿರ್ತಾನೆ. ಅಷ್ಟಾದ್ರೂ ನಡ್ಕೊಂಡು ಹೋಗೋರ ಬೆನ್ನಿಗೆ ನಾನು ಒಂದು ದಿನ ಬೆಲ್ ಹೊಡೆದಿಲ್ಲ. ನೀನು ನನ್ನ ಎದೆಗೆ ಹಾರ್ನ್ ಹೊಡೀತಿದ್ದೀಯಲ್ಲ?"

ನಂಜರಾಜು ತಲೆ ಒಳಕ್ಕೆ ಎಳೆದುಕೊಂಡ. ಅವರಪ್ಪನೂ ಹೊತ್ತಿದ್ದ, ಅದು ಅವನಿಗೆ ಗೊತ್ತಿತ್ತು. ಸಿಟ್ಟಿನಲ್ಲೇ ರಿವರ್ಸ್ ಗೇರ್ ಹಾಕಿದ. ಹೊಸ ಕಾರು, ಹೊಸ ಕೈ. ನಾಲ್ಕು ಮಾರು ಹೋಗುವಷ್ಟರಲ್ಲಿ ಹಿಂದಿನ ಚಕ್ರ ನೀರಿನ ಕಡೆಯ ಅಂಚಿಗೆ ಬಂತು. ಮಣ್ಣು ಪುಡಪುಡನೆ ಉದುರಿತು. ಅವನು ಬ್ರೇಕ್ ಒತ್ತಿ ಕಲ್ಲಾಗಿ ಕೂತ. ಹಣೆಯ ಬೆವರು ಮೂಗಿಗೆ ಇಳಿಯಿತು.

ನಾನಾಗಿದ್ದರೆ ದಡದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದೆ. ಪುಟ್ಟಗಂಗಮ್ಮ ಹಾಗೆ ಮಾಡಲಿಲ್ಲ. "ಮಲ್ಲಕ್ಕ, ಒಂದ್ಚೂರು ಸೈಕಲ್ ಹಿಡ್ಕೊ," ಎಂದವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಳಿಜಾರಿನ ಕಡೆಯಿಂದ ನುಸುಳಿ ಕಾರಿನ ಹಿಂದೆ ಹೋಗಿ ನಿಂತಳು.

"ಸ್ಟೇರಿಂಗ್ ಬಲಕ್ಕೆ ತಿರುಗಿಸು. ನಿನ್ನ ಬಲ ಕಣೋ, ನನ್ನದಲ್ಲ! ಹಾಂ... ಬರ್ಲಿ. ಬರ್ಲಿ. ಹೆದರಬೇಡ, ನಾನಿದ್ದೀನಿ. ಸ್ವಲ್ಪ ಎಡ. ಬರ್ಲಿ, ಬರ್ಲಿ..."

ಹೀಗೆ ಮಾರು ಮಾರಾಗಿ ಏರಿಯ ತುದಿಯವರೆಗೂ ಕಾರನ್ನು ಕರೆದುಕೊಂಡು ಹೋಗಿ, ಅಗಲ ಜಾಗದಲ್ಲಿ ನಿಲ್ಲಿಸಿ, ವಾಪಸ್ ಬಂದು ಸೈಕಲ್ ಹಿಡಿದಳು. ಮಲ್ಲಕ್ಕನಿಗೆ, "ನೀನು ಮುಂದೆ ನಡಿ. ನಂದು ಚಕ್ರದ ಮೇಲಿದೆ, ನಿಂದು ಕುತ್ತಿಗೆ ಮೇಲಿದೆ," ಅಂದಳು.

ಮೊದಲು ಮಲ್ಲಕ್ಕ ದಾಟಿದಳು. ಅವಳ ಹಿಂದೆ ಪುಟ್ಟಗಂಗಮ್ಮ, ಇಪ್ಪತ್ತು ಮಡಕೆಯೂ ಗಟ್ಟಿ. ಕಾರು ಸುಮ್ಮನೆ ನಿಂತಿತ್ತು. ಕಿಟಕಿಯೊಳಗಿಂದ ನಂಜರಾಜು ಮೆಲ್ಲಗೆ, "ಆಯ್ತಮ್ಮ, ಇವತ್ತು ನೀನೇ ಗೆದ್ದೆ," ಅಂದ.

"ಗೆಲ್ಲೋಕೆ ಯಾರು ಬಂದಿದ್ರಪ್ಪ? ನಾನು ಸಂತೆಗೆ ಹೊರಟೋಳು," ಎಂದು ಪುಟ್ಟಗಂಗಮ್ಮ ಸೈಕಲ್ ತಳ್ಳಿಕೊಂಡು ಹೋದಳು.

ನೀತಿ: ದಾರಿಯಲ್ಲಿ ಬಲ ಹೆಚ್ಚಿದ್ದವರೇ ಮೊದಲು ತಗ್ಗಬೇಕು. ಕಾರು ಸೈಕಲ್ಲಿಗೆ, ಸೈಕಲ್ಲು ಕಾಲಿಗೆ. ತಗ್ಗದವರು ಹಾರ್ನ್ ಎಷ್ಟೇ ಒತ್ತಲಿ, ನಿಮ್ಮ ನ್ಯಾಯದ ಜಾಗ ಬಿಟ್ಟುಕೊಡಬೇಡಿ. ಆದರೆ ಅವರು ಹಿಂದೆ ಸರಿಯುವಾಗ ಕೆರೆಗೆ ಬೀಳದ ಹಾಗೆ ನೋಡಿಕೊಳ್ಳಿ. ದಾರಿ ಅವರದ್ದೂ ಹೌದು.