ಪಾಡ್ ಬಂಡಿಯಲ್ಲಿ ಸಿಕ್ಕಿಕೊಂಡ ದೊರೆ

ಕೆಳಪೇಟೆಯ ಬಸ್ಸನ್ನು ಕಿತ್ತುಕೊಂಡರು. ಕಿತ್ತುಕೊಂಡವನು ಕಳ್ಳನಲ್ಲ, ಮಾಳಗಿಪುರದ ದೊರೆ ಮಲ್ಲಭೂಪ. ಡ್ರೈವರ್ ಇಲ್ಲದೆ ತಾನೇ ಓಡುವ ಗಾಜಿನ ಪಾಡ್ ಬಂಡಿಗೆ ರಸ್ತೆ ಬೇಕಿತ್ತು, ಅದಕ್ಕೆ ಕಿತ್ತುಕೊಂಡ. ಒಂದು ಪಾಡಿನಲ್ಲಿ ನಾಲ್ಕು ಜನ ಕೂರಬಹುದು. ಅರಮನೆಯಿಂದ ಹೊರಟು ದೊರೆಯ ಕೆರೆತೋಟಕ್ಕೆ ಹೋಗುತ್ತದೆ. ನಡುವೆ ಕೆಳಪೇಟೆ ಸಿಗುತ್ತದೆ, ಅಲ್ಲಿ ನಿಲ್ಲುವುದಿಲ್ಲ. ಇದಕ್ಕೆ ಅವರಿಟ್ಟ ಹೆಸರು ಸಾರ್ವಜನಿಕ ಸಾರಿಗೆ.

ರಾಜರ ಕಾಲದಲ್ಲಿ ಬಸ್ಸು ಎಲ್ಲಿತ್ತು ಎಂದು ಕೇಳಬೇಡಿ. ಪಾಡ್ ಇತ್ತೆಂದರೆ ನಂಬುವವರು ಬಸ್ಸನ್ನೂ ನಂಬಬಹುದು.

ಬಸ್ಸುಗಳನ್ನು ಡಿಪೋದಲ್ಲಿ ನಿಲ್ಲಿಸಿ ಬೀಗ ಜಡಿದರು. ಸೊಪ್ಪು ಮಾರುವ ಹುಲಿಗೆವ್ವ ಬುಟ್ಟಿ ಹೊತ್ತು ಮೇಲಿನ ಸಂತೆಗೆ ನಡೆಯತೊಡಗಿದಳು. ಅವಳು ತಲುಪುವ ಹೊತ್ತಿಗೆ ಸೊಪ್ಪು ಬಾಡಿರುತ್ತಿತ್ತು, ಕೊಳ್ಳುವವರು ಮನೆ ಸೇರಿರುತ್ತಿದ್ದರು. ಒಂದು ದಿನ ಆ ಬಾಡಿದ ಸೊಪ್ಪನ್ನೇ ತಂದು ಆಸ್ಥಾನದ ವಿದೂಷಕ ಕೊಟ್ರಯ್ಯನ ಜಗಲಿಯ ಮೇಲೆ ಸುರಿದಳು.

"ನಗಿಸೋಕೆ ಸಂಬಳ ತಗೊಳ್ತೀಯಲ್ಲಪ್ಪಾ, ಇದನ್ನ ನೋಡಿ ನಗು" ಎಂದಳು.

ಕೊಟ್ರಯ್ಯ ನಗಲಿಲ್ಲ. ನೇರವಾಗಿ ಆಸ್ಥಾನಕ್ಕೆ ಹೋದ. ಅಲ್ಲಿ ಮಂತ್ರಿ ದೇವಪ್ಪಯ್ಯ ಪಾಡಿನ ಗುಣಗಾನ ಮಾಡುತ್ತಿದ್ದ.

"ಕೋಳಿಮರಿ ಅಡ್ಡ ಬಂದರೂ ನಿಲ್ಲುತ್ತದೆ ಪ್ರಭು. ಅಷ್ಟು ಸೂಕ್ಷ್ಮ. ಮನುಷ್ಯನ ಕೈಯೇ ಬೇಕಿಲ್ಲ."

"ಡ್ರೈವರ್?" ಎಂದ ಕೊಟ್ರಯ್ಯ.

"ಬೇಕಿಲ್ಲ."

"ಕಂಡಕ್ಟರ್?"

"ಬೇಕಿಲ್ಲ."

"ಜನ?"

"ಅವರೂ ಬೇಕಿಲ್ಲ" ಎಂದುಬಿಟ್ಟ ಮಂತ್ರಿ, ಮಾತಿನ ಓಟದಲ್ಲಿ.

ದೊರೆಗೆ ರೇಗಿತು. "ಕೊಟ್ರಯ್ಯ, ನನ್ನ ಬಂಡಿಗೆ ಮನುಷ್ಯನ ಕೈ ಬೇಕಾದ ದಿನ ಕೆಳಪೇಟೆಗೆ ಬಸ್ಸು ಬಿಡುತ್ತೇನೆ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರು."

"ಮುಚ್ಚಿದೆ ಪ್ರಭು. ಆದರೆ ಹೊಸ ಬಂಡಿ. ಪೂಜೆ ಮಾಡಿಸದೆ ಮಾತ್ರ ಹತ್ತಬೇಡಿ."

ಅದಕ್ಕೆ ಯಾರ ತಕರಾರೂ ಇರಲಿಲ್ಲ. ಬಂಡಿ ಎಷ್ಟೇ ಹೊಸದಾಗಲಿ, ಕುಂಕುಮ ಹಚ್ಚದೆ, ಹಾರ ಹಾಕದೆ, ಚಕ್ರಕ್ಕೆ ನಿಂಬೆಹಣ್ಣು ಇಡದೆ ಹೊರಡಿಸುವ ಧೈರ್ಯ ಆ ರಾಜ್ಯದಲ್ಲಿ ಯಾರಿಗಿತ್ತು? ದೊರೆಯ ಬಂಡಿಗೆ ಸಣ್ಣ ಹಣ್ಣು ಅವಮಾನವೆಂದು ಮಂತ್ರಿಯೇ ದಪ್ಪ ದಪ್ಪ ಹಣ್ಣು ಆರಿಸಿ ತರಿಸಿದ.

ಮುಹೂರ್ತದ ದಿನ ಊರೆಲ್ಲ ಸೇರಿತು. ಪುರೋಹಿತರು ಚಕ್ರಗಳ ಮುಂದೆ ಹಣ್ಣು ಇಟ್ಟರು. ದೊರೆ, ಮಂತ್ರಿ ಒಳಗೆ ಕೂತರು. ಬಾಗಿಲು ಮುಚ್ಚಿಕೊಂಡಿತು. ವಾಲಗ ಜೋರಾಯಿತು. ಬಂಡಿ ಅಲುಗಲಿಲ್ಲ.

ಒಳಗಿನಿಂದ ಒಂದು ಸಿಹಿ ದನಿ ಹೇಳಿತು: "ದಾರಿಯಲ್ಲಿ ಅಡ್ಡಿ ಇದೆ. ದಯವಿಟ್ಟು ಕಾಯಿರಿ."

ಕಾದರು. ಬಿಸಿಲೇರಿತು. ಗಾಜಿನ ಪೆಟ್ಟಿಗೆ ಇಡ್ಲಿ ಪಾತ್ರೆಯಾಯಿತು.

"ಬಾಗಿಲು ತೆಗಿ" ಎಂದ ದೊರೆ.

"ಮುಂದಿನ ನಿಲ್ದಾಣದಲ್ಲೇ ತೆರೆಯುವುದು ಪ್ರಭು. ಜನ ನಡುವೆ ಇಳಿಯಬಾರದೆಂದು ನಾನೇ ಹಾಗೆ ಮಾಡಿಸಿದೆ" ಎಂದ ಮಂತ್ರಿ.

"ಗಾಜು ಒಡೆಸು."

"ಆನೆ ಒದ್ದರೂ ಒಡೆಯದು. ಅದನ್ನೂ ನಾನೇ..."

"ಹಾಗಾದರೆ ಹಣ್ಣು ತೆಗೆಸಯ್ಯಾ."

ಹೊರಗಿದ್ದ ಪುರೋಹಿತರು ಬೆಚ್ಚಿದರು. "ಶಿವಶಿವಾ. ಚಕ್ರಕ್ಕೆ ಇಟ್ಟ ಹಣ್ಣನ್ನು ಚಕ್ರವೇ ಅಪ್ಪಚ್ಚಿ ಮಾಡಬೇಕು. ಕೈಯಲ್ಲಿ ತೆಗೆದರೆ ಆ ದೃಷ್ಟಿಯೆಲ್ಲ ಒಳಗೆ ಕೂತವರಿಗೇ ತಗಲುತ್ತದೆ."

ದೊರೆ ಮಂತ್ರಿಯ ಕಡೆ ತಿರುಗಿದ. "ಹಣ್ಣಿನ ಮೇಲೆ ಹತ್ತು ಅಂತ ಬಂಡಿಗೆ ಹೇಳು."

"ಯಾರಿಗೆ ಹೇಳಲಿ ಪ್ರಭು? ಕೇಳಿಸಿಕೊಳ್ಳುವವನನ್ನು ತೆಗೆದುಹಾಕಿದ್ದೇವಲ್ಲ."

"ದಯವಿಟ್ಟು ಕಾಯಿರಿ" ಎಂದಿತು ಬಂಡಿ.

ದೊರೆಯ ಕಿರೀಟದೊಳಗಿಂದ ಬೆವರು ಮೂಗಿಗಿಳಿಯಿತು. ಕೊಟ್ರಯ್ಯ ಕೊಡೆ ಹಿಡಿದು ಗಾಜಿನ ಹತ್ತಿರ ಬಂದು ನಿಂತ.

"ಕೊಟ್ರಯ್ಯ, ಏನಾದರೂ ಮಾಡೋ."

"ಬಾಯಿ ಮುಚ್ಚಿಕೊಂಡಿರಲು ಅಪ್ಪಣೆಯಾಗಿದೆ ಪ್ರಭು."

"ತೆಗಿ ಬಾಯಿ."

"ಹಿಂದಿನಿಂದ ಹತ್ತಾರು ಜನ ತಳ್ಳಿದರೆ ಚಕ್ರ ಹಣ್ಣಿನ ಮೇಲೆ ಹೋಗುತ್ತದೆ. ಆದರೆ ಮನುಷ್ಯರ ಕೈ ಬೇಕಾಗುತ್ತದಲ್ಲಾ."

ದೊರೆ ಮೂಗಿನ ಬೆವರು ಒರೆಸಿಕೊಂಡ. ಇನ್ನೊಂದಷ್ಟು ಬೆವರಿದ. ಆಮೇಲೆ ಸಣ್ಣ ದನಿಯಲ್ಲಿ ಹೇಳಿದ: "ಬೇಕು."

"ಹಿಂದೆ ನಿಂತವರಿಗೆ ಕೇಳಿಸಲಿಲ್ಲ ಪ್ರಭು."

"ಮನುಷ್ಯರ ಕೈ ಬೇಕು ಕಣಯ್ಯಾ. ನಾಳೆಯಿಂದ ಬಸ್ಸು ಬಿಡುತ್ತೇನೆ, ತಳ್ಳಿಸು."

ಕೊಟ್ರಯ್ಯ ಕೆಳಪೇಟೆಯವರನ್ನು ಕರೆದ. ಗಂಡಸರು ತೋಳೇರಿಸಿ ಮುಂದೆ ಬಂದರು. ಹುಲಿಗೆವ್ವ ಬುಟ್ಟಿ ಇಳಿಸಿ ಅವರಿಗೆ ಅಡ್ಡ ನಿಂತಳು.

"ನಾಳೆ ಅನ್ನೋ ಮಾತು ಬೇಡ ಧಣಿ. ಬಸ್ಸು ಈಗ ಬರ್ಲಿ. ಬಂದಮೇಲೆ ತಳ್ತೀವಿ."

"ಏನವ್ವಾ, ಅಲ್ಲಿತನಕ ನಾನು ಈ ಬಿಸಿಲಲ್ಲಿ ಕಾಯಬೇಕಾ?"

"ನಾವು ದಿನಾ ಕಾಯ್ತಾ ಇಲ್ವಾ? ಅಭ್ಯಾಸ ಆಗ್ತದೆ, ಕೂತ್ಕೊಳ್ಳಿ."

ಆಳುಗಳು ಡಿಪೋಗೆ ಓಡಿದರು. ಬೀಗದ ಕೈ ಮಂತ್ರಿಯ ಸೊಂಟದಲ್ಲೇ ಇತ್ತು, ಮಂತ್ರಿ ಗಾಜಿನೊಳಗಿದ್ದ. ಬೀಗ ಒಡೆದೇ ಬಸ್ಸು ತರಬೇಕಾಯಿತು. ಹಳೇ ಬಸ್ಸು ಹೊಗೆ ಕಾರುತ್ತಾ, ಹಾರ್ನ್ ಹೊಡೆಯುತ್ತಾ ಬಂತು. ಹುಲಿಗೆವ್ವ ಒಳಗೆ ಇಣುಕಿ ಡ್ರೈವರ್ ಇದ್ದಾನೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಸೆರಗು ಬಿಗಿದು ಪಾಡಿಗೆ ಹೆಗಲು ಕೊಟ್ಟಳು. ಜನವೆಲ್ಲ ತಳ್ಳಿದರು. ಹಣ್ಣುಗಳು ಪಚಕ್ ಎಂದವು. "ಸಹಕರಿಸಿದ್ದಕ್ಕೆ ಧನ್ಯವಾದ" ಎಂದು ಬಂಡಿ ಹೊರಟಿತು.

ಸಂಜೆ ಆಸ್ಥಾನದಲ್ಲಿ ದೊರೆ ಮಜ್ಜಿಗೆಯ ಮೇಲೆ ಮಜ್ಜಿಗೆ ಕುಡಿದು, ಕೊನೆಗೆ ನಕ್ಕ. ಕೊರಳಿನ ಸರ ತೆಗೆದು ಕೊಟ್ರಯ್ಯನಿಗೆ ಹಾಕಿದ.

"ಆದರೂ ಒಪ್ಪಿಕೋ ಕೊಟ್ರಯ್ಯ, ಎಷ್ಟು ಕರುಣೆಯ ಬಂಡಿ ಅದು. ತಾನಾಗಿ ಒಂದು ನಿಂಬೆಹಣ್ಣಿನ ಮೇಲೂ ಹರಿಯಲಿಲ್ಲ."

"ಹೌದು ಪ್ರಭು. ಕೆಳಪೇಟೆಯ ಮೇಲೆ ಮಾತ್ರ ಹರಿಯಿತು."

"ಅದಕ್ಕೆ ಬಂಡಿಯನ್ನು ಯಾಕೆ ದೂರುತ್ತೀ? ಅದರಲ್ಲಿ ಡ್ರೈವರೇ ಇಲ್ಲವಲ್ಲ."

"ಇದ್ದರು ಪ್ರಭು" ಎಂದ ಕೊಟ್ರಯ್ಯ. "ಕಿರೀಟ ಹಾಕಿಕೊಂಡು ಒಳಗೇ ಕೂತಿದ್ದರು. ಊರೆಲ್ಲ ನೋಡಿದೆ."

ಆಸ್ಥಾನದಲ್ಲಿ ಯಾರೂ ನಗಲಿಲ್ಲ. ನಿಮ್ಮನ್ನೂ ನಗಿಸಲು ನಾನು ಇದನ್ನು ಬರೆಯಲಿಲ್ಲ. ನಿಮ್ಮ ಬೀದಿಯ ಬಸ್ಸು ನಿಂತಿದ್ದರೆ, ನಾಳೆ ಬೆಳಿಗ್ಗೆ ನೆರೆಯವರನ್ನು ಕರೆದುಕೊಂಡು ಸಾರಿಗೆ ಕಚೇರಿಗೆ ಹೋಗಿ. ನಿಲ್ಲಿಸಿದವರು ಯಾರು, ಹೆಸರು ಹೇಳಿ ಎಂದು ಕೇಳಿ. ಹೇಳುವವರೆಗೆ ಅಲ್ಲಿಂದ ಏಳಬೇಡಿ.