ನಟನೆ ಕಲಿಸಿದ ಇನ್‌ಚಾರ್ಜ್

ಅಯ್ಯೋ, ಈಗಷ್ಟೇ ನಮ್ಮ ಗಾರ್ಮೆಂಟ್ಸ್‌ನಲ್ಲಿ ಆಗಿದ್ದು ಹೇಳಿದ್ರೆ ನೀವು ನಂಬೋದೇ ಇಲ್ಲ! ಕಿರುಕುಳ ತಡೆಯೋ ತರಬೇತಿ ಅಂತ ಹೆಡ್ ಆಫೀಸಿಂದ ಒಬ್ರು ಮೇಡಂ ಬಂದಿದ್ರು. ನಮ್ಮ ಇನ್‌ಚಾರ್ಜ್ ವಾಮದೇವಪ್ಪ ಬೆಳಿಗ್ಗೇನೇ ಗದರಿಸಿದ್ದ: "ನನ್ನ ವಿರುದ್ಧ ಯಾರಾದ್ರೂ ಬಾಯಿ ಬಿಟ್ರೆ ನಾಳೆಯಿಂದ ಕೆಲಸ ಇಲ್ಲ!" ಅವನ ಕಾಟ ತಡೀಲಾರದೆ ಟೈಲರ್ ಜಯಶೀಲಕ್ಕ ಕೆಲಸಾನೇ ಬಿಡೋಕೆ ಹೊರಟಿದ್ಲು.

ಮೇಡಂ, "ಕೆಟ್ಟ ಮೇಲಧಿಕಾರಿ ಹೇಗಿರ್ತಾನೆ, ಯಾರಾದ್ರೂ ನಟಿಸಿ ತೋರಿಸಿ" ಅಂದ್ರು. ನಾನೇ ಎದ್ದೆ! ಜಯಶೀಲಕ್ಕನ ಮುಂದೆ ಬೇಕಂತಲೇ ಕೈಕಟ್ಟಿ ನಿಂತು, "ಅಕ್ಕಾ, ದಯವಿಟ್ಟು ಸ್ವಲ್ಪ ಬೇಗ ಹೊಲೀರಿ" ಅಂದೆ.

"ಥೂ, ಹಂಗಲ್ವೋ ದಡ್ಡ!" ವಾಮದೇವಪ್ಪನಿಗೆ ತಡ್ಕೊಳ್ಳೋಕಾಗ್ಲಿಲ್ಲ, ಎದ್ದೇಬಿಟ್ಟ. "ಹಿಂದಿನಿಂದ ಬರ್ಬೇಕು. ಹೆಗಲ ಹತ್ರ ಬಗ್ಗಬೇಕು. 'ರಜಾ ಬೇಕೇನೇ ಚಿನ್ನಾ? ಹಾಗಾದ್ರೆ...'"

"ಸ್ಟೋರ್ ರೂಮಿಗೆ ಬಾ!" ಮೂವತ್ತು ಜನ ಹೆಂಗಸ್ರು ಒಟ್ಟಿಗೆ ಮುಗಿಸಿದ್ರು!

"ಇವರಿಗೆಲ್ಲ ಈ ಡೈಲಾಗ್ ಹೇಗ್ರೀ ಬಾಯಿಪಾಠ?" ಅಂತ ಮೇಡಂ ಪೆನ್ನು ತೆಗೆದ್ರು. ವಾಮದೇವಪ್ಪನ ಮುಖ ಸುಣ್ಣ ಬಳಿದಂಗಾಯ್ತು.

ಈಗ ನನ್ನ ಹಿಂದೇನೇ ಬಿದ್ದಿದ್ದಾನೆ: "ಅದೆಲ್ಲ ಬರೀ ನಟನೆ ಅಂತ ಮೇಡಂಗೆ ಬರ್ಕೊಡಪ್ಪಾ!" ಬರ್ಕೊಟ್ಟೆ: "ನಮ್ಮ ಸಾರ್ ನಟನೆ ಅದ್ಭುತ. ವರ್ಷಗಟ್ಟಲೆ ದಿನಾ ಅಭ್ಯಾಸ ಮಾಡಿದ್ದಾರೆ." ಅಲ್ಲಾ, ನೀವಾಗಿದ್ರೆ ಏನ್ ಬರೀತಿದ್ರಿ, ಹೇಳಿ?