ಒಂದೇ ಉರಿ, ಎರಡು ಧಾರೆ

ನೀಲಕಂಠ ಗುರುಗಳ ಆಶ್ರಮ ಕಡಲಿಗೆ ಅಂಟಿಕೊಂಡೇ ಇತ್ತು. ಅಲ್ಲಿ ಬೆಳಗ್ಗೆ ಮಂತ್ರಕ್ಕಿಂತ ಮೊದಲು ಒಲೆ ಏಳುತ್ತಿತ್ತು.

ಒಲೆಯ ಮೇಲೆ ತಾಮ್ರದ ಹಂಡೆ, ಹಂಡೆಯಲ್ಲಿ ಕಡಲ ನೀರು. ಹಂಡೆಯ ಬಾಯಿಗೆ ಅದೇ ಕಡಲಿನ ತಣ್ಣೀರು ತುಂಬಿದ ಬೋಗುಣಿ. ಮೇಲೆದ್ದ ಆವಿ ಬೋಗುಣಿಯ ತಳಕ್ಕೆ ತಾಗಿ ಸಿಹಿನೀರಾಗುತ್ತಿತ್ತು. ತಳದಿಂದ ತೊಟ್ಟಿಕ್ಕಿ, ಅಡಿಗೆ ಒಡ್ಡಿದ ಬಿದಿರಿನ ದಂಬೆಯಲ್ಲಿ ಹರಿದು ಕೊಡಕ್ಕೆ ಬೀಳುತ್ತಿತ್ತು.

ಮೊದಮೊದಲು ಊರವರು "ಸ್ವಾಮಿಗಳು ಕಳ್ಳಭಟ್ಟಿ ಇಟ್ಟಿದ್ದಾರೆ" ಎಂದು ನಕ್ಕಿದ್ದರು. ಬೇಸಿಗೆಯಲ್ಲಿ ಬಾವಿಗಳೆಲ್ಲ ಉಪ್ಪಾದ ಮೇಲೆ ನಗುವುದನ್ನು ಬಿಟ್ಟು ಕೊಡ ಹಿಡಿದು ಬಂದರು.

ಆ ವರ್ಷ ಮಳೆ ಇನ್ನೂ ದೂರವಿತ್ತು, ಸೌದೆಯ ರಾಶಿ ಕರಗಿತ್ತು. ಸೌದೆ ಮುಗಿದರೆ ಮೀನುಗಾರರ ಕೇರಿಯೆಲ್ಲ ಮಕ್ಕಳುಮರಿ ಕಟ್ಟಿಕೊಂಡು ಊರು ಬಿಡಬೇಕಿತ್ತು.

ಭಟ್ಟಿ ನೋಡಿಕೊಳ್ಳುವವರು ಇಬ್ಬರು ಶಿಷ್ಯರು. ಹಿರಿಯ ಪರಮಯ್ಯ. ಕಿರಿಯಳು ಭಾಗಿ, ಅದೇ ಕೇರಿಯ ಹುಡುಗಿ. ಬೋಗುಣಿಯ ನೀರು ಬಿಸಿಯಾದಾಗ ಅದನ್ನು ಮರಳಿಗೆ ಚೆಲ್ಲಿ ತಣ್ಣೀರು ತುಂಬುವುದು ಗುರುಗಳು ಹಾಕಿಕೊಟ್ಟ ಕ್ರಮ.

ಒಂದು ಬೆಳಗ್ಗೆ ಭಾಗಿ ಚೆಲ್ಲಲಿಲ್ಲ. ಬಿಸಿನೀರಿನ ಬೋಗುಣಿಯ ಮೇಲೆ ತಣ್ಣೀರಿನ ಇನ್ನೊಂದು ಬೋಗುಣಿ ಮುಚ್ಚಿ, ಅದಕ್ಕೂ ಒಂದು ದಂಬೆ ಕಟ್ಟಿದಳು.

ಪರಮಯ್ಯ ಕೂಗಿಕೊಂಡ. "ಎಂತ ಮಾಡಿದ್ದು ಇದು? ಗುರುವಿಗೇ ತಿರುಮಂತ್ರವಾ?"

ಕೂಗು ಕೇಳಿ ಗುರುಗಳು ಬಂದರು. ನೀರಿಗೆ ಬಂದಿದ್ದ ಹೆಂಗಸರೂ ಸುತ್ತ ನಿಂತರು.

ಮೇಲಿನ ದಂಬೆಯಿಂದಲೂ ನೀರು ಇಳಿಯುತ್ತಿತ್ತು. ಗುರುಗಳು ಬೊಗಸೆಯೊಡ್ಡಿ ಕುಡಿದರು. ಸಿಹಿಯಾಗಿತ್ತು.

"ಸೌದೆ ಹೆಚ್ಚು ಹಾಕಿದೆಯಾ?"

"ಇಲ್ಲ ಗುರುಗಳೇ, ದಿನಾ ಹಾಕುವಷ್ಟೇ."

"ಮತ್ತೆ ಈ ಎರಡನೇ ಧಾರೆಗೆ ಬೆಂಕಿ ಎಲ್ಲಿಯದು?"

"ಚೆಲ್ಲುವಾಗ ದಿನಾ ಕೈ ಸುಡ್ತಿತ್ತು," ಎಂದಳು ಭಾಗಿ. "ಬೋಗುಣಿಗೆ ಬೆಂಕಿಯೇ ತಾಗುದಿಲ್ಲ, ಮತ್ತೆ ಯಾಕೆ ಸುಡಬೇಕು? ಆವಿ ನೀರಾಗುವಾಗ ತನ್ನ ಬಿಸಿಯನ್ನೆಲ್ಲ ಬೋಗುಣಿಗೆ ಕೊಟ್ಟು ಹೋಗ್ತದೆ. ಆ ಬಿಸಿಯೇ ಇನ್ನೊಂದಿಷ್ಟು ಆವಿ ಎಬ್ಬಿಸ್ತದೆ. ಅದನ್ನು ನಾವು ಮರಳಿಗೆ ಚೆಲ್ತಾ ಇದ್ದೆವು."

"ಇರುವ ಸೌದೆ ಮಳೆಯವರೆಗೆ ಬರ್ತದಾ?"

"ಹೀಗೆ ಉರಿಸಿದರೆ ಬರ್ತದೆ."

ಗುರುಗಳು ಎರಡೂ ದಂಬೆಗಳನ್ನು ಮುಟ್ಟಿ ನೋಡಿದರು.

"ಇದು ಯಾರ ಕೆಲಸ?"

ಭಾಗಿ ತಲೆ ತಗ್ಗಿಸಿ ಕೈಮುಗಿದಳು. "ನಿಮ್ಮದೇ, ಗುರುಗಳೇ. ಎಲ್ಲ ನಿಮ್ಮ ಆಶೀರ್ವಾದ. ನನ್ನದೇನೂ ಇಲ್ಲ."

ಗುರುಗಳು ಮೇಲಿನ ಬೋಗುಣಿಯನ್ನು ಇಳಿಸಿ ಬದಿಗಿಟ್ಟರು. ಕೆಳಗಿನದನ್ನು ಎತ್ತಿ ಬಿಸಿನೀರನ್ನೆಲ್ಲ ಮರಳಿಗೆ ಚೆಲ್ಲಿದರು. ಎರಡನೇ ಧಾರೆ ನಿಂತುಹೋಯಿತು.

"ಅಯ್ಯೋ!" ಎಂದರು ಹೆಂಗಸರು.

"ನನ್ನ ಕೆಲಸ ಇದು," ಎಂದರು ಗುರುಗಳು. "ಇಷ್ಟು ವರ್ಷ ಮಾಡಿದ್ದು ಇದನ್ನೇ."

ಬೋಗುಣಿಗೆ ತಣ್ಣೀರು ತುಂಬಿ ಹಂಡೆಯ ಮೇಲಿಟ್ಟರು. ಅದು ಮತ್ತೆ ಕಾಯುವವರೆಗೂ ಅಲ್ಲೇ ಕೂತರು. ಕಾದ ಮೇಲೆ ಮತ್ತೆ ಚೆಲ್ಲಲು ಎದ್ದರು.

ಭಾಗಿ ಓಡಿಬಂದು ಅಡ್ಡ ನಿಂತಳು.

"ಚೆಲ್ಲಬೇಡಿ!"

"ಯಾಕೆ ಚೆಲ್ಲಬಾರದು? ಭಟ್ಟಿ ನನ್ನದಲ್ವಾ?"

"ಹಂಡೆ ನಿಮ್ಮದು. ಈ ಎರಡನೇ ಧಾರೆ ನನ್ನದು. ನಾನು ಕಂಡುಹಿಡಿದದ್ದು!"

ಈ ಸಲ ಅವಳ ತಲೆ ತಗ್ಗಲಿಲ್ಲ.

ಗುರುಗಳಿಗೆ ಹೆಮ್ಮೆ ತಡೆಯಲಾಗಲಿಲ್ಲ. ಬದಿಗಿಟ್ಟಿದ್ದ ಬೋಗುಣಿಯನ್ನು ತಾವೇ ಎತ್ತಿ ತಂದು ಅವಳ ಕೈಗೆ ಕೊಟ್ಟರು. ಹೆಂಗಸರತ್ತ ತಿರುಗಿ, "ನೋಡಿ, ನನ್ನ ಬುದ್ಧಿಗೆ ತೋಚದ್ದು ನಿಮ್ಮ ಕೇರಿಯ ಹುಡುಗಿಗೆ ತೋಚಿದೆ. ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ," ಎಂದರು.

"ನಮ್ಮ ಭಾಗಿ!" ಎಂದಳು ಒಬ್ಬಳು ಮುದುಕಿ, ಇಡೀ ದಂಡೆಗೆ ಕೇಳುವ ಹಾಗೆ.

ಪರಮಯ್ಯನಿಗೆ ಮಾತ್ರ ಸಮಾಧಾನವಾಗಲಿಲ್ಲ.

"ಗುರುಗಳೇ, 'ನಾನು', 'ನನ್ನದು' ಅನ್ನಬಾರದು ಅಂತ ಕಲಿಸಿದ್ದು ನೀವೇ ಅಲ್ವಾ?"

"ಪರಮಯ್ಯ, ಚೆಲ್ಲುವಾಗ ನಿನ್ನ ಕೈ ಸುಡ್ತಿರಲಿಲ್ವಾ?"

"ಸುಡ್ತಿತ್ತು."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ಗುರುಗಳು ಮಾಡಿದ್ದು. ಅದರಲ್ಲಿ ತಪ್ಪು ಹುಡುಕುವುದುಂಟಾ?"

"ಈಗ ಇದು ಭಾಗಿ ಮಾಡಿದ್ದು," ಎಂದರು ಗುರುಗಳು. "ಹೋಗು, ಇದರಲ್ಲಿ ತಪ್ಪು ಹುಡುಕು."